ಎಚ್ಚರ ತಪ್ಪಿದವರನ್ನು ಮಗ್ಗುಲಿಗೆ ಮಲಗಿಸುವುದು

"ಗೊರಕೆ ಹೊಡೀತಾವ್ರೆ, ನಿದ್ದೆ ಬಂದದೆ ಬುಡಿ."

ಮಂಡ್ಯದ ಕಡೆ ಯಾರಾದರೂ ಎಚ್ಚರ ತಪ್ಪಿ ಬಿದ್ದ ಜಾಗದಲ್ಲಿ ಈ ಮಾತು ಆಡುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಪ್ರಥಮ ಚಿಕಿತ್ಸೆ ಹೇಳಿಕೊಡುವ ನಮಗೆ ಇದರಷ್ಟು ಭಯ ಹುಟ್ಟಿಸುವ ಮಾತು ಬೇರೆ ಇಲ್ಲ. ಅಂಗಾತ ಬಿದ್ದು, ಕೂಗಿದರೂ ಅಲುಗಿಸಿದರೂ ಏಳದ ಮನುಷ್ಯನ ಗಂಟಲಿಂದ ಬರುವ ಆ ಸದ್ದು ನಿದ್ದೆಯದಲ್ಲ. ನಾಲಿಗೆಯ ಬುಡ ಹಿಂದಕ್ಕೆ ಜಾರಿ ಗಂಟಲ ಗೋಡೆಗೆ ಒರಗಿದೆ, ಉಳಿದ ಸಣ್ಣ ಸಂದಿಯಲ್ಲಿ ಗಾಳಿ ತೂರಿಕೊಂಡು ಹೋಗುತ್ತಿದೆ, ಅದರ ಸದ್ದು ಅದು. ಸಂದಿ ಪೂರ್ತಿ ಮುಚ್ಚಿಕೊಂಡರೆ ಸದ್ದೂ ನಿಲ್ಲುತ್ತದೆ. ಸುತ್ತ ನಿಂತವರು "ಈಗ ಸುಮ್ಕಾದ್ರು" ಅಂದುಕೊಳ್ಳುತ್ತಾರೆ.

ನಿದ್ದೆಯಲ್ಲಿರುವವರ ಗಂಟಲಲ್ಲಿ ಎಂಜಲು ನಿಂತರೆ ಕೆಮ್ಮು ಬರುತ್ತದೆ, ಇಲ್ಲವೇ ನುಂಗುತ್ತಾರೆ, ತಾವಾಗಿಯೇ ಮಗ್ಗುಲು ಬದಲಿಸುತ್ತಾರೆ. ಎಚ್ಚರ ತಪ್ಪಿದವರಿಗೆ ಈ ಕಾವಲು ಇರುವುದಿಲ್ಲ. ಮೈಯ ಸ್ನಾಯುಗಳೆಲ್ಲ ಸಡಿಲವಾದಂತೆ ನಾಲಿಗೆಯೂ ಸಡಿಲ, ದವಡೆಯೂ ಸಡಿಲ, ಅನ್ನನಾಳ ಹೊಟ್ಟೆಗೆ ಸೇರುವ ಜಾಗದ ಬಿಗಿಯೂ ಸಡಿಲ. ವಾಕರಿಕೆಯ ಸುಳಿವೇ ಇಲ್ಲದೆ ಹೊಟ್ಟೆಯಲ್ಲಿದ್ದದ್ದು ಮೇಲಕ್ಕೆ ಹರಿದು ಬರಬಹುದು. ಅಂಗಾತ ಮಲಗಿದಾಗ ಗಂಟಲು ಬಟ್ಟಲಿನ ಹಾಗೆ. ಬಂದದ್ದು ಅಲ್ಲೇ ನಿಲ್ಲುತ್ತದೆ, ಮುಂದಿನ ಉಸಿರಿಗೆ ಶ್ವಾಸನಾಳಕ್ಕೆ ಇಳಿಯುತ್ತದೆ. ಹೊಟ್ಟೆಯ ಹುಳಿ ಶ್ವಾಸಕೋಶವನ್ನು ಸುಡುತ್ತದೆ, ಅನ್ನದ ಅಗುಳು ದಾರಿಯನ್ನೇ ಮುಚ್ಚುತ್ತದೆ. ಮಗ್ಗುಲಿಗೆ ತಿರುಗಿಸಿದರೆ ಬಟ್ಟಲನ್ನು ಓರೆ ಮಾಡಿದಂತೆ. ನಾಲಿಗೆ ಕೆನ್ನೆಯ ಕಡೆಗೆ ವಾಲುತ್ತದೆ, ಎಂಜಲು, ವಾಂತಿ, ರಕ್ತ ಬಾಯ ಮೂಲೆಯಿಂದ ನೆಲಕ್ಕೆ ಇಳಿಯುತ್ತವೆ. 1891ರಷ್ಟು ಹಿಂದೆಯೇ ಇಂಗ್ಲೆಂಡಿನ ವೈದ್ಯ ರಾಬರ್ಟ್ ಬೌಲ್ಸ್ ಇದೇ ಗೊರಕೆಯ ಬಗ್ಗೆ ಬರೆದು, ರೋಗಿಯನ್ನು ಮಗ್ಗುಲಿಗೆ ಮಲಗಿಸಬೇಕೆಂದು ಹೇಳಿದ್ದರು. ಪಠ್ಯಗಳಲ್ಲಿ ಇದನ್ನು ರಿಕವರಿ ಪೊಸಿಷನ್ ಅಥವಾ ಚೇತರಿಕೆಯ ಭಂಗಿ ಎನ್ನುತ್ತಾರೆ. ಹಳ್ಳಿಗಳಲ್ಲಿ ನಾವು "ಮಗ್ಗುಲಿಗೆ ಮಲಗಿಸೋದು" ಎಂದೇ ಹೇಳುತ್ತೇವೆ, ಎಲ್ಲರಿಗೂ ಅರ್ಥವಾಗುತ್ತದೆ.

ಕಲಿಸುವುದು ಸಮುದಾಯ ಭವನದಲ್ಲಿ, ಜಮಖಾನದ ಮೇಲೆ. ಒಬ್ಬರು ಮಲಗುತ್ತಾರೆ, ಇನ್ನೊಬ್ಬರು ಮಾಡುತ್ತಾರೆ. ಆಮೇಲೆ ಇಬ್ಬರೂ ಜಾಗ ಬದಲಿಸುತ್ತಾರೆ. ಮಲಗುವ ಸರದಿಯನ್ನು ಯಾರೂ ತಪ್ಪಿಸಿಕೊಳ್ಳಬಾರದು. ತನ್ನ ಕೈ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಕತ್ತು ಯಾವಾಗ ಬಗ್ಗುತ್ತದೆ ಎಂಬುದು ಮಲಗಿದವರಿಗೇ ಚೆನ್ನಾಗಿ ತಿಳಿಯುವುದು.

ಮುಟ್ಟುವ ಮೊದಲು ಸುತ್ತ ನೋಡಬೇಕು. ಪಂಪ್‌ಸೆಟ್ಟಿನ ಹತ್ತಿರ ಬಿದ್ದಿದ್ದರೆ ವೈರು ಎಲ್ಲಿದೆ, ಮೇನ್ ಆಫ್ ಆಗಿದೆಯೇ? ಹೆದ್ದಾರಿಯಲ್ಲಾದರೆ ಹಿಂದಿನಿಂದ ಬರುವ ಗಾಡಿಗೆ ನಾವು ಕಾಣುತ್ತೇವೆಯೇ? ಆಮೇಲೆ ಎರಡೂ ಭುಜ ಹಿಡಿದು ಅಲುಗಿಸಿ, ಕಿವಿಯ ಹತ್ತಿರ ಗಟ್ಟಿಯಾಗಿ ಕೂಗಬೇಕು. "ಅಣ್ಣಾ, ಕೇಳ್ತದಾ? ಕಣ್ ಬುಡಣ್ಣಾ." ಹೆಂಗಸರಾದರೆ "ಅಕ್ಕಾ", ವಯಸ್ಸಾದವರಾದರೆ "ಯಜಮಾನ್ರೇ", "ಅವ್ವಾ". ಪರಿಚಯದವರಾದರೆ ಹೆಸರು ಹಿಡಿದು ಕೂಗಿದರೆ ಒಳ್ಳೆಯದು. ಕೆನ್ನೆಗೆ ಹೊಡೆಯುವುದು ಬೇಡ. ಬಿದ್ದು ಕತ್ತಿಗೆ ಪೆಟ್ಟಾಗಿರಬಹುದಾದವರನ್ನು ಅಲುಗಿಸುವುದೂ ಬೇಡ. ಭುಜ ತಟ್ಟಿ ಕೂಗಿದರೆ ಸಾಕು.

ಓಗೊಡದಿದ್ದರೆ ಉಸಿರು ನೋಡುವುದು. ಇಲ್ಲಿ ಅವಸರ ಮಾಡುವವರೇ ಹೆಚ್ಚು. ಒಂದು ಕೈ ಹಣೆಯ ಮೇಲೆ, ಇನ್ನೊಂದು ಕೈಯ ಎರಡು ಬೆರಳು ಗಲ್ಲದ ಮೂಳೆಯ ಕೆಳಗೆ. ಹಣೆಯನ್ನು ಹಿಂದಕ್ಕೆ ಒತ್ತಿ, ಗಲ್ಲವನ್ನು ಮೇಲಕ್ಕೆ ಎತ್ತಬೇಕು. ಬೆರಳು ಮೂಳೆಯ ಮೇಲಿರಲಿ, ಅದರ ಹಿಂದಿನ ಮೆತ್ತನೆಯ ಜಾಗ ಒತ್ತಿದರೆ ನಾಲಿಗೆಯನ್ನೇ ಮೇಲಕ್ಕೆ ದೂಡಿದಂತಾಗುತ್ತದೆ. ನಮ್ಮ ಕೆನ್ನೆಯನ್ನು ಅವರ ಮೂಗು ಬಾಯಿಗೆ ಹತ್ತಿರ ತಂದು, ಕಣ್ಣು ಎದೆಯ ಮೇಲಿಟ್ಟು, ಒಂದರಿಂದ ಹತ್ತರವರೆಗೆ ನಿಧಾನವಾಗಿ ಎಣಿಸಬೇಕು. ಎದೆ ಏರಿಳಿಯುವುದು ಕಾಣಬೇಕು, ಸದ್ದು ಕೇಳಬೇಕು, ಕೆನ್ನೆಗೆ ಗಾಳಿ ತಾಗಬೇಕು. ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ, ಅಂದರೆ ಹತ್ತು ಸೆಕೆಂಡಿನಲ್ಲಿ ಎರಡು ಮೂರು ಉಸಿರು ಸಿಗಬೇಕು. ಗಲ್ಲ ಎತ್ತಿದ ಕೂಡಲೇ ಗೊರಕೆ ನಿಂತು ಉಸಿರು ಸಲೀಸಾಗುವುದು ಎಷ್ಟೋ ಸಲ ಕಿವಿಗೆ ನಿಚ್ಚಳವಾಗಿ ಕೇಳಿಸುತ್ತದೆ. ಕೈಬಿಟ್ಟರೆ ಗೊರಕೆ ಮತ್ತೆ ಶುರು. ದಾರಿ ಮುಚ್ಚುತ್ತಿದ್ದದ್ದು ನಾಲಿಗೆಯೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಒಂದು ಎಚ್ಚರಿಕೆ. ನೀರಿನಿಂದ ತೆಗೆದ ಮೀನಿನ ಹಾಗೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗುಟುಕರಿಸುತ್ತಿದ್ದರೆ ಅದು ಉಸಿರಾಟವಲ್ಲ. ಹೃದಯ ನಿಂತ ಮೊದಲ ಕೆಲವು ನಿಮಿಷಗಳಲ್ಲಿ ಹೀಗಾಗುವುದುಂಟು. ಅಂಥವರನ್ನು ಮಗ್ಗುಲಿಗೆ ತಿರುಗಿಸಿ ಕೂತರೆ ಅವರು ಉಳಿಯುವುದಿಲ್ಲ. ಅಂಗಾತವೇ ಇಟ್ಟು, ಎದೆಯ ನಡುವೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಲು ಶುರು ಮಾಡಬೇಕು. ಎಚ್ಚರವಿಲ್ಲ ಆದರೆ ಉಸಿರು ಸರಿಯಾಗಿದೆ ಅಂದರೆ ಮಾತ್ರ ಮಗ್ಗುಲು. ಉಸಿರು ಸರಿಯಿದೆಯೋ ಇಲ್ಲವೋ ಅನುಮಾನ ಬಂದರೆ ಇಲ್ಲ ಎಂದೇ ತಿಳಿಯಬೇಕು.

ಇಷ್ಟರಲ್ಲಿ ಒಬ್ಬರು 108ಕ್ಕೆ ಫೋನ್ ಮಾಡಿರಬೇಕು. "ಯಾರಾದ್ರೂ ಫೋನ್ ಮಾಡ್ರಪ್ಪಾ" ಎಂದು ಗುಂಪಿಗೆ ಹೇಳಿದರೆ ಯಾರೂ ಮಾಡುವುದಿಲ್ಲ. ಎದುರಿಗೆ ನಿಂತ ಒಬ್ಬರನ್ನು ಬೆರಳು ತೋರಿಸಿ "ನೀವು ಮಾಡಿ, ಮಾಡಿ ನನಗೆ ಹೇಳಿ" ಅನ್ನಬೇಕು. ಜಾಗ ಹೇಳುವಾಗ ಊರಿನ ಹೆಸರೊಂದೇ ಸಾಲದು. ಹೋಬಳಿ, ತಾಲ್ಲೂಕು, ಹಾಲಿನ ಡೈರಿಯ ಹತ್ತಿರವೋ ನಾಲೆಯ ಸೇತುವೆಯ ಹತ್ತಿರವೋ, ಬೆಂಗಳೂರು ಮೈಸೂರು ಹೆದ್ದಾರಿಯಾದರೆ ಯಾವ ಕಡೆಗೆ ಹೋಗುವ ಬದಿ, ಕಿಲೋಮೀಟರ್ ಕಲ್ಲಿನ ಮೇಲೆ ಏನಿದೆ, ಇವು ಬೇಕು. ಒಬ್ಬ ಹುಡುಗನನ್ನು ಮುಖ್ಯರಸ್ತೆಗೆ ಓಡಿಸಿ ಅಲ್ಲೇ ನಿಲ್ಲಿಸಿದರೆ ಆಂಬುಲೆನ್ಸ್ ದಾರಿ ತಪ್ಪುವುದಿಲ್ಲ.

ಇನ್ನು ತಿರುಗಿಸುವುದು. ಕನ್ನಡಕ ತೆಗೆದಿಡಿ. ತಿರುಗುವ ಬದಿಯ ಜೇಬಿನಲ್ಲಿ ಬೀಗದ ಕೈ ಗೊಂಚಲು, ಫೋನು, ಸೊಂಟದಲ್ಲಿ ಎಲೆಅಡಿಕೆ ಚೀಲ ಇದ್ದರೆ ತೆಗೆಯಿರಿ, ಮೈಯ ಭಾರ ಅದರ ಮೇಲೆ ಬಿದ್ದರೆ ಒತ್ತುತ್ತದೆ. ಎರಡೂ ಕಾಲು ನೀಟಾಗಿ ಚಾಚಿರಲಿ. ಅವರ ಸೊಂಟದ ನೇರಕ್ಕೆ, ಮೈಯಿಂದ ಒಂದು ಗೇಣು ಬಿಟ್ಟು ಮಂಡಿಯೂರಿ ಕೂರಬೇಕು. ಎದೆಯ ಪಕ್ಕದಲ್ಲಿ ಕೂತರೆ ಮೊದಲ ಹೆಜ್ಜೆಯಲ್ಲೇ ಕೈ ಇಡಲು ಜಾಗ ಸಿಗುವುದಿಲ್ಲ. ತೀರಾ ದೂರ ಕೂತರೆ, ತಿರುಗಿ ಬರುವ ಮೈಗೆ ನಮ್ಮ ತೊಡೆಯ ತಡೆ ಸಿಗದೆ ಬೋರಲು ಬಿದ್ದುಬಿಡುತ್ತಾರೆ.

ನಮಗೆ ಹತ್ತಿರದ ಕೈಯನ್ನು ಮೊದಲು ಭುಜದ ನೇರಕ್ಕೆ ಆಚೆ ಚಾಚಿ, ಮೊಣಕೈಯನ್ನು ತಲೆಯ ಕಡೆಗೆ ಮಡಚಬೇಕು, ಅಂಗೈ ಮೇಲ್ಮುಖವಾಗಿರಲಿ. ಟ್ರಾಫಿಕ್ ಪೊಲೀಸರು ಕೈಯೆತ್ತಿ ಗಾಡಿ ನಿಲ್ಲಿಸುವ ಭಂಗಿ ನೆನೆಸಿಕೊಂಡರೆ ಸಾಕು. ಈ ಹೆಜ್ಜೆ ಮರೆತರೆ ಆ ಕೈ ಮೈಯ ಅಡಿಗೆ ಸಿಕ್ಕಿಕೊಳ್ಳುತ್ತದೆ, ಅರ್ಧ ತಿರುಗಿದ ಮೇಲೆ ಎಳೆದು ತೆಗೆಯಲು ಹೋದರೆ ಭುಜ ನೋಯುತ್ತದೆ.

ಆಚೆ ಬದಿಯ ಕೈಯನ್ನು ಎದೆಯ ಮೇಲಿಂದ ತಂದು, ಅದರ ಹಿಂಗೈಯನ್ನು ನಮ್ಮ ಕಡೆಯ ಕೆನ್ನೆಗೆ ಒತ್ತಿ ಹಿಡಿಯಬೇಕು. ನಮ್ಮ ಅಂಗೈ ಅವರ ಅಂಗೈಗೆ ಅಂಟಿರಲಿ. ಈ ಹಿಡಿತವನ್ನು ಕೊನೆಯವರೆಗೂ ಬಿಡಬಾರದು. ತಲೆ ಮೈಯ ಜೊತೆಗೇ ತಿರುಗುವುದು ಈ ಹಿಡಿತದಿಂದ. ಬಿಟ್ಟರೆ ತಲೆ ಹಿಂದೆ ಉಳಿದು ಕತ್ತು ತಿರುಚಿಕೊಳ್ಳುತ್ತದೆ, ಇಲ್ಲವೇ ತಲೆ ನೆಲಕ್ಕೆ ಬಡಿಯುತ್ತದೆ. ಬಲ ಮಗ್ಗುಲಿಗೆ ತಿರುಗಿಸುವುದಾದರೆ ನಮ್ಮ ಎಡಗೈ ಕೆನ್ನೆಯ ಹತ್ತಿರ, ಬಲಗೈ ಮಂಡಿಯ ಹತ್ತಿರ. ಎಡ ಮಗ್ಗುಲಿಗಾದರೆ ಅದಲು ಬದಲು.

ಇನ್ನೊಂದು ಕೈಯಿಂದ ಆಚೆ ಬದಿಯ ಕಾಲನ್ನು ಮಂಡಿಯ ಸ್ವಲ್ಪ ಮೇಲೆ ಹಿಡಿದು, ಪಾದ ನೆಲದ ಮೇಲೇ ಇರುವಂತೆ ಮಂಡಿಯನ್ನು ಮೇಲಕ್ಕೆ ಎಳೆಯಬೇಕು. ಈಗ ಆ ಮಂಡಿಯೇ ನಮ್ಮ ಹಾರೆ. ಕಲ್ಲು ಮೀಟುವಾಗ ಹಾರೆಯ ತುದಿ ಹಿಡಿದಂತೆ, ಮಂಡಿಯನ್ನು ನಮ್ಮ ಕಡೆಗೆ ವಾಲಿಸಿದರೆ ಸೊಂಟ ತಿರುಗುತ್ತದೆ, ಸೊಂಟದ ಹಿಂದೆ ಎದೆ, ಅದರ ಜೊತೆಗೆ ನಮ್ಮ ಅಂಗೈಯಲ್ಲಿರುವ ತಲೆ. 45 ಕಿಲೋ ತೂಕದ ಹುಡುಗಿ 90 ಕಿಲೋ ತೂಕದ ಗಂಡಸನ್ನು ಹೀಗೆ ಒಬ್ಬಳೇ ತಿರುಗಿಸಬಹುದು. ತೋಳಿನ ಬಲ ಬೇಕಿಲ್ಲ, ನಮ್ಮ ಮೈಯ ಭಾರವನ್ನು ಹಿಂದಕ್ಕೆ ಹಾಕಿದರೆ ಸಾಕು. ಬಟ್ಟೆ ಹಿಡಿದು ಎಳೆಯುವವರು, ಭುಜ ಹಿಡಿದು ಎಬ್ಬಿಸುವವರು ಬೆವರುತ್ತಾರೆಯೇ ಹೊರತು ಕೆಲಸವಾಗುವುದಿಲ್ಲ. ಎಚ್ಚರವಿಲ್ಲದ ಮೈ ಹಿಟ್ಟಿನ ಮುದ್ದೆಯ ಹಾಗೆ, ಹಿಡಿದಲ್ಲಿ ಬಗ್ಗುತ್ತದೆ, ಮಿಕ್ಕದ್ದು ನೆಲಕ್ಕೆ ಅಂಟಿರುತ್ತದೆ.

ಸೀರೆ ಉಟ್ಟವರಲ್ಲಿ ಇದೇ ಹೆಜ್ಜೆಗೆ ತಡೆ ಬರುತ್ತದೆ. ನೆರಿಗೆ ಎರಡೂ ಮಂಡಿಯ ನಡುವೆ ಬಿಗಿದು ಒಂದು ಕಾಲನ್ನು ಮಾತ್ರ ಎತ್ತಲು ಬಿಡುವುದಿಲ್ಲ. ಸೀರೆಯ ಅಂಚನ್ನು ಮೀನಖಂಡದವರೆಗೆ ಸರಿಸಿ ಸಡಿಲ ಮಾಡಿಕೊಂಡು, ಮೇಲೆ ಒಂದು ಟವಲ್ಲೋ ದುಪ್ಪಟ್ಟಾವೋ ಹೊದಿಸಿಬಿಟ್ಟರೆ ಯಾರಿಗೂ ಮುಜುಗರವಿಲ್ಲ. ಗಾಜಿನ ಬಳೆಯ ಕೈ ಕೆನ್ನೆಯ ಅಡಿಗೆ ಹೋಗುವುದಾದರೆ ಬಳೆಯನ್ನು ಮೊಣಕೈ ಕಡೆಗೆ ಸರಿಸಬೇಕು. ಕತ್ತಿನ ಸರ ಕೆಳಗೆ ಸಿಕ್ಕಿ ಬಿಗಿಯದಂತೆ ನೋಡಬೇಕು. ಲುಂಗಿ, ಪಂಚೆ ತೊಂದರೆ ಕೊಡುವುದಿಲ್ಲ.

ತಿರುಗಿದ ಮೇಲೆ ಕೆಲಸ ಮುಗಿಯಿತು ಎಂದು ಎದ್ದುಬಿಡುವುದು ದೊಡ್ಡ ತಪ್ಪು. ಮೇಲಿನ ಕಾಲನ್ನು ಸೊಂಟದಲ್ಲೂ ಮಂಡಿಯಲ್ಲೂ ಲಂಬಕೋನಕ್ಕೆ ಮಡಚಿ ಮುಂದಕ್ಕೆ ಇಡಬೇಕು. ಅದು ಊರುಗೋಲು, ಇಲ್ಲದಿದ್ದರೆ ಬೋರಲು ಬೀಳುತ್ತಾರೆ. ಹಿಂದಕ್ಕೆ ವಾಲುತ್ತಿದ್ದರೆ ಬೆನ್ನಿಗೆ ಸುತ್ತಿದ ಕಂಬಳಿಯನ್ನೋ ಗೋಣಿಚೀಲವನ್ನೋ ಒತ್ತು ಕೊಡಬೇಕು. ಆಮೇಲೆ ತಲೆ. ಗಲ್ಲ ಎದೆಯಿಂದ ದೂರವಾಗುವಂತೆ ತಲೆಯನ್ನು ಹಿಂದಕ್ಕೆ ಬಾಗಿಸಿ, ಕೆನ್ನೆಯ ಅಡಿಯ ಕೈಯನ್ನು ಆ ಬಾಗು ಉಳಿಯುವ ಹಾಗೆ ಸರಿಮಾಡಿ, ಮುಖ ತುಸು ನೆಲ ನೋಡುವಂತೆ ಇಡಬೇಕು. ಬಾಯಿ ತೆರೆದಿರಲಿ.

ಇದು ಸರಿಯಾಯಿತೇ ಎಂದು ನೋಡಲು ತರಬೇತಿಯಲ್ಲಿ ಒಂದು ಹಾಳೆ ದಿನಪತ್ರಿಕೆ ಸಾಕು. ಅದನ್ನು ಮಲಗಿದವರ ಕೆನ್ನೆಯ ಕೆಳಗೆ ಹಾಸಿ, ಬಾಯಿ ತೆರೆದುಕೊಂಡು ಒಂದು ನಿಮಿಷ ಎಂಜಲು ನುಂಗಬೇಡಿ ಎನ್ನುತ್ತೇವೆ. ತಲೆ ಸರಿಯಾಗಿದ್ದರೆ ಬಾಯ ಕೆಳಮೂಲೆಯಿಂದ ಎಂಜಲು ಎಳೆಯಾಗಿ ಇಳಿದು, ಪತ್ರಿಕೆಯ ಮೇಲೆ ಎಂಟಾಣೆಯಷ್ಟು ಒದ್ದೆ ಮಚ್ಚೆ ಬೀಳುತ್ತದೆ. ಮುಖ ಮೇಲಕ್ಕೆ ತಿರುಗಿದ್ದರೆ ಎಂಜಲು ಗಂಟಲಿಗೆ ಜಾರಿ, ಮಲಗಿದವರು ತಡೆಯಲಾರದೆ ನುಂಗುತ್ತಾರೆ, ಪತ್ರಿಕೆ ಒಣಗಿಯೇ ಇರುತ್ತದೆ. ನುಂಗಲು ಬಾರದವರಿಗೆ ಅದು ಎಲ್ಲಿಗೆ ಹೋಗುತ್ತಿತ್ತು ಎಂದು ಆಗ ವಿವರಿಸಬೇಕಾಗಿಲ್ಲ.

ನಮ್ಮ ಜನ ಪ್ರೀತಿಯಿಂದ ಮಾಡುವ ಕೆಡಕುಗಳು ಕೆಲವಿವೆ. ತಲೆಯ ಕೆಳಗೆ ಟವಲ್ ಮಡಚಿ ಇಡುವುದು ಅದರಲ್ಲಿ ಮೊದಲನೆಯದು. ಅಂಗಾತ ಇದ್ದವರ ತಲೆ ಎತ್ತರವಾದರೆ ಗಲ್ಲ ಎದೆಗೆ ಬಾಗಿ ಗಂಟಲು ಮಡಚಿಕೊಳ್ಳುತ್ತದೆ. ದಿಂಬು ಬೇಡ, ತೊಡೆಯ ಮೇಲೆ ತಲೆ ಇಟ್ಟುಕೊಳ್ಳುವುದೂ ಬೇಡ. ಎರಡನೆಯದು ನೀರು. ಮುಖಕ್ಕೆ ಚಿಮುಕಿಸಿದರೆ ಅಷ್ಟೇನೂ ಕೆಡುಕಿಲ್ಲ, ಬಾಯಿಗೆ ಹಾಕಿದ ಒಂದು ಗುಟುಕು ನೇರ ಶ್ವಾಸಕೋಶಕ್ಕೆ ಹೋಗಬಹುದು. ಸೋಡಾ, ಎಳನೀರು, ಸಕ್ಕರೆ ನೀರು, ಯಾವುದೂ ಎಚ್ಚರವಿಲ್ಲದವರ ಬಾಯಿಗೆ ಬೇಡ. ಸಕ್ಕರೆ ಕಾಯಿಲೆಯವರು ಸಕ್ಕರೆ ಇಳಿದು ಬಿದ್ದಿದ್ದಾರೆ ಎಂದು ಗೊತ್ತಿದ್ದರೂ ಬೇಡ. ಮೂರನೆಯದು, ಮೈಯನ್ನು ಅಂಗಾತವೇ ಬಿಟ್ಟು ಮುಖವನ್ನು ಮಾತ್ರ ಪಕ್ಕಕ್ಕೆ ತಿರುಗಿಸುವುದು. ಕತ್ತು ತಿರುಚಿ ದಾರಿ ಇನ್ನಷ್ಟು ಕಿರಿದಾಗುತ್ತದೆ, ಗಂಟಲಲ್ಲಿ ನಿಂತದ್ದು ಪೂರ್ತಿ ಬರುವುದೂ ಇಲ್ಲ.

ಬಾಯಲ್ಲಿ ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾ ಇರುವುದು ನಮ್ಮ ಕಡೆ ಸಾಮಾನ್ಯ. ಮೊದಲು ಮಗ್ಗುಲಿಗೆ ತಿರುಗಿಸಿ, ಆಮೇಲೆ ಕಣ್ಣಿಗೆ ಕಾಣುವುದನ್ನು ಮಾತ್ರ ಬೆರಳನ್ನು ಕೊಕ್ಕೆ ಮಾಡಿ ಹೊರಕ್ಕೆ ಎಳೆಯಬೇಕು. ಕಾಣದ್ದನ್ನು ಹುಡುಕಲು ಬೆರಳು ಆಳಕ್ಕೆ ಹಾಕಿದರೆ ಅಡಿಕೆ ಚೂರು ಇನ್ನೂ ಒಳಕ್ಕೆ ಹೋಗುತ್ತದೆ. ಕಟ್ಟಿಸಿದ ಹಲ್ಲಿನ ಸೆಟ್ಟು ಅಲ್ಲಾಡುತ್ತಿದ್ದರೆ ತೆಗೆಯಬೇಕು, ಬಿಗಿಯಾಗಿದ್ದರೆ ಇರಲಿ.

ಫಿಟ್ಸ್ ಬಂದವರ ವಿಷಯದಲ್ಲಿ ತಾಳ್ಮೆ ಬೇಕು. ಕೈಕಾಲು ಬಡಿಯುತ್ತಿರುವಾಗ ತಿರುಗಿಸಲು ಹೋಗಬಾರದು, ಹಿಡಿದು ಅದುಮಲೂ ಬಾರದು. ಕಲ್ಲು, ಕುರ್ಚಿ ದೂರ ಸರಿಸಿ, ತಲೆ ನೆಲಕ್ಕೆ ಬಡಿಯದಂತೆ ಆಗ ಮಾತ್ರ ಮೆತ್ತನೆಯ ಬಟ್ಟೆ ಇಟ್ಟು, ಗಡಿಯಾರ ನೋಡಬೇಕು. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಚಪ್ಪಲಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು ಬೇಡ. ಫಿಟ್ಸ್ ಬಹುಪಾಲು ಎರಡು ಮೂರು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. "ಕಬ್ಬಿಣ ಕೊಟ್ಟಿದ್ಕೇ ನಿಂತೋಯ್ತು" ಎಂಬ ನಂಬಿಕೆ ಉಳಿದಿರುವುದು ಅದಕ್ಕೇ. ಚಮಚದಿಂದ ಹಲ್ಲು ಮುರಿದು ಚೂರು ಗಂಟಲಿಗೆ ಇಳಿಯಬಹುದು. ಬಡಿತ ನಿಂತ ತಕ್ಷಣ, ಬಟ್ಟೆ ತೆಗೆದು, ಉಸಿರು ನೋಡಿ, ಮಗ್ಗುಲು. ಐದು ನಿಮಿಷ ದಾಟಿದರೆ, ಅಥವಾ ಎಚ್ಚರ ಬರುವ ಮೊದಲೇ ಮತ್ತೊಂದು ಬಂದರೆ ತಡಮಾಡದೆ 108.

ಗದ್ದೆ ತೋಟಕ್ಕೆ ಹೊಡೆಯುವ ಕ್ರಿಮಿನಾಶಕ ಕುಡಿದವರಲ್ಲಿ, ಅಥವಾ ಸಿಂಪಡಿಸುವಾಗ ಮೈಗೆ ಹತ್ತಿ ಬಿದ್ದವರಲ್ಲಿ, ಈ ಭಂಗಿಗೆ ಇರುವಷ್ಟು ಕೆಲಸ ಬೇರೆಲ್ಲೂ ಇಲ್ಲ ಅನ್ನಿಸುತ್ತದೆ. ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್‌ನಂಥ ಆರ್ಗನೊಫಾಸ್ಫರಸ್ ವಿಷ ಮೈ ಸೇರಿದರೆ ಎಂಜಲು, ಕಫ, ಬೆವರು ಎಲ್ಲ ಒಮ್ಮೆಗೇ ಉಕ್ಕುತ್ತವೆ, ಕಣ್ಣಿನ ಪಾಪೆ ಸಾಸಿವೆಯಷ್ಟು ಸಣ್ಣದಾಗುತ್ತದೆ, ಬಾಯಲ್ಲಿ ನೊರೆ ಬರುತ್ತದೆ. ಆ ನೊರೆ ಹೊರಗೆ ಹರಿಯಬೇಕಾದರೆ ಮಗ್ಗುಲಿಗೇ ಮಲಗಿಸಬೇಕು, ಸಾಧ್ಯವಾದರೆ ಎಡಕ್ಕೆ. ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸಲು ಹೋದರೆ ವಿಷ ಎರಡನೇ ಸಲ ಗಂಟಲು ದಾಟುತ್ತದೆ, ಈ ಸಲ ಶ್ವಾಸಕೋಶಕ್ಕೂ ಇಳಿಯಬಹುದು. ಮುಟ್ಟುವವರು ಕೈಗೆ ಗ್ಲೌಸ್ ಹಾಕಬೇಕು, ಸಿಗದಿದ್ದರೆ ಪ್ಲಾಸ್ಟಿಕ್ ಕವರ್. ವಿಷ ಬಿದ್ದ ಬಟ್ಟೆ ಬಿಚ್ಚಿ ಆ ಜಾಗವನ್ನು ಸೋಪು ನೀರಿನಲ್ಲಿ ತೊಳೆಯಬೇಕು, ಬಾಯಿಗೆ ಬಾಯಿಟ್ಟು ಉಸಿರು ಕೊಡಬಾರದು. ಬಾಟಲಿಯನ್ನು ಲೇಬಲ್ ಸಮೇತ ಆಸ್ಪತ್ರೆಗೆ ಒಯ್ಯಬೇಕು.

ನಾಲೆಯಿಂದ, ಕೆರೆಯಿಂದ ಎತ್ತಿದವರ ಹೊಟ್ಟೆ ಅದುಮಿ ನೀರು ತೆಗೆಯುವುದು, ಕಾಲು ಹಿಡಿದು ತಲೆಕೆಳಗೆ ಮಾಡುವುದು ಇನ್ನೂ ನಿಂತಿಲ್ಲ. ಹೊಟ್ಟೆ ಅದುಮಿದರೆ ಬರುವುದು ಹೊಟ್ಟೆಯ ನೀರು, ಅದರ ಜೊತೆ ಊಟ, ಎರಡೂ ಗಂಟಲಿಗೆ. ಉಸಿರಿದ್ದರೆ ಮಗ್ಗುಲು. ಇಲ್ಲದಿದ್ದರೆ ಬಾಯಿಯಿಂದ ಉಸಿರು ಕೊಟ್ಟು ಎದೆ ಒತ್ತುವುದು. ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹೊದಿಸಬೇಕು.

ಕುಡಿದು ಬಿದ್ದವರನ್ನು "ಇಳೀಲಿ ಬುಡು" ಎಂದು ಜಗಲಿಯ ಮೇಲೆ ಅಂಗಾತ ಬಿಟ್ಟು ಹೋಗುವುದಂತೂ ಕೈಯಾರೆ ಕೊಂದಂತೆ. ಬಾಡೂಟದ ರಾತ್ರಿ ತುಂಬಿದ ಹೊಟ್ಟೆ, ಮೇಲೆ ಕುಡಿತ, ಅಂಗಾತ ನಿದ್ದೆ. ಎಬ್ಬಿಸಿದರೆ ಏಳದವರು ಕುಡಿದಿದ್ದರೂ ಎಚ್ಚರ ತಪ್ಪಿದವರೇ. ಬಿದ್ದಾಗ ತಲೆಗೆ ಪೆಟ್ಟಾಗಿದೆಯೋ, ಸಕ್ಕರೆ ಇಳಿದಿದೆಯೋ, ಲಕ್ವ ಹೊಡೆದಿದೆಯೋ, ಬಾಯಿಯ ವಾಸನೆ ನೋಡಿ ಹೇಳಲಾಗುವುದಿಲ್ಲ.

ಬರೀ ತಲೆಸುತ್ತು ಬಂದು ಬಿದ್ದವರು ಬೇರೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ, ಜಂಬೂಸವಾರಿಯ ದಿನ ಸಯ್ಯಾಜಿ ರಾವ್ ರಸ್ತೆಯ ಬಿಸಿಲಲ್ಲಿ ಬೆಳಗಿನಿಂದ ಕಾದು ಕುಸಿಯುವವರು ಇಂಥವರು. ನೆರಳಲ್ಲಿ ಅಂಗಾತ ಮಲಗಿಸಿ ಕಾಲನ್ನು ಒಂದು ಮೊಳದಷ್ಟು ಎತ್ತಿ ಹಿಡಿದರೆ ಒಂದು ನಿಮಿಷದೊಳಗೆ ಕಣ್ಣು ಬಿಡುತ್ತಾರೆ. ಬಿಡದಿದ್ದರೆ ಅದು ಬರೀ ತಲೆಸುತ್ತಲ್ಲ, ಕಾಲು ಇಳಿಸಿ, ಉಸಿರು ನೋಡಿ ಮಗ್ಗುಲಿಗೆ ತಿರುಗಿಸಬೇಕು. ಬೇಸಿಗೆಯ ಮಧ್ಯಾಹ್ನದ ಟಾರು ರಸ್ತೆಯಾದರೆ ಕೆಳಗೆ ಏನಾದರೂ ಹಾಸಲೇಬೇಕು. ಎಚ್ಚರವಿಲ್ಲದವರು ಸುಟ್ಟರೂ ಹೇಳುವುದಿಲ್ಲ.

ಬಸುರಿಯರನ್ನು ಎಡ ಮಗ್ಗುಲಿಗೇ ತಿರುಗಿಸಬೇಕು. ತುಂಬಿದ ಗರ್ಭದ ಭಾರ ಬೆನ್ನೆಲುಬಿನ ಬಲಕ್ಕಿರುವ ದೊಡ್ಡ ರಕ್ತನಾಳವನ್ನು ಒತ್ತಿದರೆ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಒಂದು ವರ್ಷದೊಳಗಿನ ಕೂಸನ್ನು ನೆಲದ ಮೇಲೆ ಮಲಗಿಸುವುದಿಲ್ಲ, ಮುಂಗೈ ಮೇಲೆ ಮಗ್ಗುಲಾಗಿ, ತಲೆ ತುಸು ಕೆಳಗೆ ಇರುವಂತೆ, ಅಂಗೈಯಲ್ಲಿ ತಲೆಗೆ ಆಸರೆ ಕೊಟ್ಟು ಹಿಡಿಯುತ್ತೇವೆ.

ಹೆದ್ದಾರಿಯ ಅಪಘಾತದಲ್ಲಿ ಪ್ರಶ್ನೆ ಕಷ್ಟದ್ದು. ಬೆನ್ನೆಲುಬಿಗೆ ಪೆಟ್ಟಾಗಿರಬಹುದು, ಅಲುಗಿಸಬಾರದು ಎಂಬುದು ಸರಿ. ಉಸಿರು ಸಲೀಸಾಗಿದ್ದು, ಬಾಯಲ್ಲಿ ಏನೂ ಇಲ್ಲದಿದ್ದರೆ, ತಲೆಯನ್ನು ಎರಡೂ ಕೈಯಿಂದ ಅಲ್ಲಾಡದಂತೆ ಹಿಡಿದು ಇದ್ದ ಹಾಗೇ ಕಾಯಬಹುದು. ಗಂಟಲಲ್ಲಿ ಗೊಳಗೊಳ ಸದ್ದು ಬಂದರೆ, ರಕ್ತವೋ ವಾಂತಿಯೋ ಕಂಡರೆ ತಿರುಗಿಸಲೇಬೇಕು. ಉಸಿರು ನಿಂತ ಮೇಲೆ ಬೆನ್ನೆಲುಬು ಉಳಿಸಿ ಪ್ರಯೋಜನವಿಲ್ಲ. ನಾಲ್ಕು ಜನ ಇದ್ದರೆ ಒಬ್ಬರು ತಲೆ ಹಿಡಿಯಬೇಕು, ಇಬ್ಬರು ಭುಜ, ಸೊಂಟ ಮತ್ತು ತೊಡೆ, ಇನ್ನೊಬ್ಬರು ಕಾಲು. ತಲೆ ಹಿಡಿದವರು "ಒಂದು, ಎರಡು, ಮೂರು" ಎಂದಾಗ ಮರದ ದಿಮ್ಮಿ ಉರುಳಿಸಿದ ಹಾಗೆ ಮೈಯೆಲ್ಲ ಒಟ್ಟಿಗೆ ತಿರುಗಬೇಕು. ಒಬ್ಬರೇ ಇದ್ದರೆ ಕೆಳಗೆ ಬರುವ ಕೈಯನ್ನು ತಲೆಯ ಮೇಲಕ್ಕೆ ನೇರ ಚಾಚಿಟ್ಟು ತಿರುಗಿಸಬೇಕು, ಆಗ ತಲೆ ಆ ತೋಳಿನ ಮೇಲೆ ಒರಗಿ ಕತ್ತು ಕಡಿಮೆ ಬಾಗುತ್ತದೆ. ಕೇಸು, ಸಾಕ್ಷಿ ಎಂದು ಹೆದರಿ ದೂರ ನಿಲ್ಲುವವರಿಗೆ ನಾವು ತಪ್ಪದೆ ಹೇಳುವುದೊಂದಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮಿನ ಪ್ರಕಾರ, ಒಳ್ಳೆಯ ಮನಸ್ಸಿನಿಂದ ಅಪಘಾತದ ಗಾಯಾಳುವಿಗೆ ನೆರವಾದವರ ಮೇಲೆ ಅದಕ್ಕಾಗಿ ಕೇಸು ಬರುವುದಿಲ್ಲ, ಹೆಸರು ಹೇಳಲೇಬೇಕೆಂಬ ಬಲವಂತವೂ ಇಲ್ಲ.

ಆಂಬುಲೆನ್ಸಿಗೆ ಕಾಯದೆ ಸಿಕ್ಕಿದ ಗಾಡಿಯಲ್ಲಿ ಹೊರಡುವುದು ಹಳ್ಳಿಗಳಲ್ಲಿ ಆಗೇ ಆಗುತ್ತದೆ. ಮಾಡಿದ್ದೆಲ್ಲ ನೀರುಪಾಲಾಗುವುದು ಇಲ್ಲೇ. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿ ಒಯ್ಯುತ್ತಾರೆ, ಆಟೋದಲ್ಲಿ ಕೂರಿಸಿ ಎರಡೂ ಕಡೆ ಹಿಡಿದುಕೊಳ್ಳುತ್ತಾರೆ. ತಲೆ ಎದೆಗೆ ಬಾಗಿ ತೂಗಾಡುತ್ತದೆ, ಉಬ್ಬು ತಗ್ಗಿನ ರಸ್ತೆಯ ಉದ್ದಕ್ಕೂ ಗಂಟಲು ಮಡಚಿಕೊಂಡೇ ಇರುತ್ತದೆ. ಹೋಗಲೇಬೇಕಾದರೆ ಟಾಟಾ ಏಸ್ ಒಳ್ಳೆಯದು. ಹಿಂದೆ ಕಂಬಳಿ ಹಾಸಿ ಮಗ್ಗುಲಿಗೆ ಮಲಗಿಸಿ, ಬೆನ್ನಿಗೆ ಒಬ್ಬರು ಒತ್ತಾಗಿ ಕೂತು, ತಲೆಯ ಹತ್ತಿರ ಇನ್ನೊಬ್ಬರು ಗಲ್ಲ ಹಿಡಿದಿರಬೇಕು. ಕಾರಿನಲ್ಲಾದರೆ ಹಿಂದಿನ ಸೀಟಿನ ಮೇಲೆ ಮುಖ ಮುಂದಿನ ಸೀಟಿನ ಕಡೆಗೆ, ಮಂಡಿ ಮಡಚಿ. ಆಟೋ ಒಂದೇ ಗತಿಯಾದರೆ ಸೀಟಿನ ಮೇಲೆ ಮಗ್ಗುಲಾಗಿಸಿ, ಒಬ್ಬರು ಕೆಳಗೆ ಕೂತು ತಲೆ ಬಾಗದಂತೆ ಹಿಡಿಯಬೇಕು.

ಮಲಗಿಸಿದ ಮೇಲೆ ಕಾವಲು. ಮಗ್ಗುಲಾದ ಮೈಯಲ್ಲಿ ಉಸಿರು ನಿಂತದ್ದು ಬೇಗ ಗೊತ್ತಾಗುವುದಿಲ್ಲ, ಅದು ಈ ಭಂಗಿಯ ದೋಷ. ಆದ್ದರಿಂದ ಒಬ್ಬರು ತಲೆಯ ಪಕ್ಕ ಕೂತು, ಒಂದು ಅಂಗೈಯನ್ನು ಪಕ್ಕೆಲುಬಿನ ಮೇಲೆ ಇಟ್ಟು, ಏರಿಳಿತ ಕೈಗೇ ತಿಳಿಯುವಂತೆ ಇರಬೇಕು. ನಿಮಿಷಕ್ಕೊಮ್ಮೆ ಬಗ್ಗಿ ಮೂಗಿನ ಗಾಳಿ ನೋಡಬೇಕು. ನಿಂತರೆ ಆ ಕ್ಷಣವೇ ಅಂಗಾತ ಮಾಡಿ ಎದೆ ಒತ್ತಲು ಶುರು. ಕೆಳಗಿನ ಕೈ ನೀಲಿಗಟ್ಟುತ್ತಿದೆಯೇ, ತಣ್ಣಗಾಗುತ್ತಿದೆಯೇ ನೋಡಬೇಕು. ಅರ್ಧ ಗಂಟೆ ದಾಟಿದರೆ ಇದೇ ಹೆಜ್ಜೆಗಳಲ್ಲಿ ಇನ್ನೊಂದು ಮಗ್ಗುಲಿಗೆ. ಬಸುರಿಯರಾದರೆ ಎಡ ಬಿಡದೆ, ಕೈಯನ್ನು ಮಾತ್ರ ಸಡಿಲಿಸಿ ಸರಿಸಿದರೆ ಆಯಿತು.

ಕಾಯುವ ಹೊತ್ತಿನಲ್ಲಿ ಒಂದು ಚೀಟಿ ಬರೆದಿಡುವುದನ್ನು ರೂಢಿ ಮಾಡಿಸುತ್ತೇವೆ. ಎಷ್ಟು ಗಂಟೆಗೆ ಬಿದ್ದರು, ಎಷ್ಟು ಹೊತ್ತಿಗೆ ಮಗ್ಗುಲು ಮಾಡಿದ್ದು, ಯಾವ ಮಗ್ಗುಲು, ವಾಂತಿ ಆಯಿತೇ, ಅದರ ಬಣ್ಣ, ಫಿಟ್ಸ್ ಎಷ್ಟು ಸಲ, ನಡುವೆ ಕಣ್ಣು ಬಿಟ್ಟರೇ, ಮಾತಾಡಿದರೇ, ಯಾವ ಮಾತ್ರೆ ತಗೊಳ್ಳುತ್ತಿದ್ದರು. ಬಿದ್ದದ್ದನ್ನು ಕಣ್ಣಾರೆ ಕಂಡವರ ಫೋನ್ ನಂಬರು. ಕಾಗದ ಸಿಗದಿದ್ದರೆ ಕೈ ಮೇಲೆ ಪೆನ್ನಿನಲ್ಲಿ ಬರೆದರೂ ಆದೀತು. 108ರವರು ಸ್ಟ್ರೆಚರ್ ಇಳಿಸುವಾಗ ಆ ಚೀಟಿ ಕೊಟ್ಟು, ಅವರು "ನಾವ್ ಹಿಡ್ಕೊಂಡಿದೀವಿ" ಎನ್ನುವವರೆಗೆ ಪಕ್ಕೆಲುಬಿನ ಮೇಲಿನ ಕೈ ತೆಗೆಯಬಾರದು.